ಚೊಲೋ ಪ್ರಿಂಟು

ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಎದುರು ನನ್ನ ಮೊಬೈಲ್ ಅಂಗಡಿ. ಪೆನ್‌ಡ್ರೈವಿಗೆ ಸಿನಿಮಾ ತುಂಬಿಕೊಡುತ್ತೇನೆ. ಥೇಟರಿನಲ್ಲಿ ಕದ್ದು ತೆಗೆದ ಪ್ರಿಂಟು ಕಂಡರೆ ನನಗೆ ಮೈ ಉರಿಯುತ್ತದೆ. ಪರದೆ ಓರೆ, ಮುಂದೆ ಯಾರದೋ ತಲೆ, ಸಾಲದ್ದಕ್ಕೆ ಜನರ ಗದ್ದಲ. ಸೀರೆ ನೇಯುವ ಹನಮವ್ವನ ಪೆನ್‌ಡ್ರೈವಿನಲ್ಲಿ ಅಂಥದೊಂದಿತ್ತು. ಆಕೆ ಕೇಳದಿದ್ದರೂ ಅದನ್ನು ಅಳಿಸಿ, ಅದೇ ಸಿನಿಮಾದ ಸ್ವಚ್ಛ ಪ್ರಿಂಟು ಹಾಕಿಕೊಟ್ಟೆ.

ಮರುದಿನ ಆಕೆ ಬಂದು ಪೆನ್‌ಡ್ರೈವನ್ನು ಕೌಂಟರಿನ ಮೇಲೆ ಕುಕ್ಕಿದಳು.

"ಹಳೇದ ಹಾಕಿಕೊಡೋ ತಮ್ಮಾ."

"ಯಕ್ಕಾ, ಇದು ಕನ್ನಡಿ ಹಂಗ ಕಾಣ್ತೈತಿ! ಅದರಾಗ ಏನೈತಿ? ಬರೇ ಮಂದಿ ಸಿಳ್ಳಿ, ಚಪ್ಪಾಳಿ."

"ಕಾಣ್ತೈತಿ ಖರೆ. ನೋಡಾಕ ಕಣ್ಣು ಖಾಲಿ ಇರಬೇಕಲ್ಲ? ಟಿವಿ ಹಚ್ಚಿಕೊಂಡ ನೇಯ್ತೇನಿ. ಎಳಿ ಹರದರ ಸೀರಿ ಕೆಡ್ತೈತಿ, ಅದಕ್ಕ ಕಣ್ಣು ಮಗ್ಗದ ಮ್ಯಾಲೇ ಇರ್ತಾವ. ಮಂದಿ ಸಿಳ್ಳಿ ಹೊಡದಾಗ ಅಷ್ಟ ತಲಿ ಎತ್ತಿ ನೋಡ್ತೇನಿ."

ಹನಮವ್ವ ಪೆನ್‌ಡ್ರೈವನ್ನು ನನ್ನತ್ತ ಸರಿಸಿದಳು.

"ನಿನ್ನ ಚೊಲೋ ಪ್ರಿಂಟಿನಾಗ ನನ್ನ ಯಾರೂ ಕರೀಲೇ ಇಲ್ಲ."