ಎರಡು ಡಬ್ಬಿ, ಒಂದು ಜೋಡಿ ಖಣ

ಗುಳೇದಗುಡ್ಡದ ನೇಕಾರ ಹೊಳಬಸಪ್ಪ ಹಳೆಯ ಸೈಕಲ್ಲೊಂದನ್ನು ಮನೆಗೆ ತಂದ ದಿನದಿಂದ ಅವನ ತಾಯಿ ದುರ್ಗವ್ವ ಅದಕ್ಕೆ ಬೆನ್ನು ತಿರುಗಿಸಿಯೇ ಕೂಡುತ್ತಿದ್ದಳು. ಸೈಕಲ್ಲಿನ ಮೇಲೆ ಅವಳಿಗಿದ್ದ ದೂರು ಒಂದೇ.

"ತನಗ ನಿಲ್ಲಾಕ ಗ್ವಾಡಿ ಬೇಕು. ಅಂಥಾದು ಮಂದೀನ ಹೊತ್ತುಗೊಂಡು ಹೋಗತೈತೇನು?"

"ನಿಂತಾಗಷ್ಟ ಗ್ವಾಡಿ ಬೇಕು ಯವ್ವಾ, ಓಡುವಾಗ ಬ್ಯಾಡ."

"ಓಡುವಾಗ ಬಿದ್ರ ಇನ್ನೂ ಜೋರ ಬಡೀತೈತಿ."

ಹೊಳಬಸಪ್ಪ ಆಗಲೇ ಎರಡು ಸಲ ಬಿದ್ದಿದ್ದ, ಅದನ್ನು ತಾಯಿಗೆ ಹೇಳಿರಲಿಲ್ಲ, ತಾಯಿಗೆ ಗೊತ್ತಿತ್ತು.

ಅದು ಎಪ್ಪತ್ತೆಂಟರ ಸುಗ್ಗಿಯ ಕಾಲ. ಹೊಳಬಸಪ್ಪನ ಹೆಂಡತಿ ರತ್ನಾಬಾಯಿ ಎರಡನೆಯ ಹೆರಿಗೆಗೆಂದು ತವರೂರು ಬೇವೂರಿಗೆ ಹೋಗಿದ್ದಳು, ಗಂಡು ಕೂಸು ಹುಟ್ಟಿತ್ತು. ಮೂರು ವರ್ಷದ ಮಗಳು ಗಂಗೂ ಮಾತ್ರ ಇಲ್ಲೇ ಉಳಿದಳು. ಕಾರಣ ಇಷ್ಟೇ, ಬಸ್ಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಗಂಗೂ ತಿಂದದ್ದೆಲ್ಲ ಹೊರಗೆ ಬರುತ್ತಿತ್ತು. ಒಮ್ಮೆ ಬದಾಮಿಗೆ ಹೋಗುವಾಗ ಪಕ್ಕದಲ್ಲಿ ಕೂತ ಯಜಮಾನರೊಬ್ಬರ ಮಡಿ ಧೋತರದ ಮೇಲೆ ಅವಳು ಮಾಡಿದ ಕೆಲಸದಿಂದ ಇಡೀ ಬಸ್ಸು ನಿಂತಿತ್ತು. ಆಮೇಲೆ ಆ ಕಂಡಕ್ಟರು ದೂರದಿಂದ ಗಂಗೂವನ್ನು ಕಂಡರೆ ಸಾಕು, ಹತ್ತುವ ಮಂದಿಯನ್ನೂ ಬಿಟ್ಟು ಸೀಟಿ ಊದಿಬಿಡುತ್ತಿದ್ದ. ಇನ್ನು ಬಂಡಿ ಕೇಳೋಣವೆಂದರೆ ಊರಿನ ಎತ್ತುಗಳೆಲ್ಲ ಹೊಲದಲ್ಲಿದ್ದವು.

ಮೊದಮೊದಲು ಗಂಗೂ ಆಡಿಕೊಂಡೇ ಇದ್ದಳು. ದಿನ ಕಳೆದಂತೆ ರೊಟ್ಟಿ ಬೇಡ ಎಂದಳು, ಹಾಲು ಬೇಡ ಎಂದಳು. ಅಪ್ಪ ಮಗ್ಗದಲ್ಲಿ ಕೂತರೆ ಪಕ್ಕದಲ್ಲಿ ಅವ್ವನ ಹಳೆಯ ಸೀರೆ ಹಾಸಿಕೊಂಡು ಮಲಗಿ, "ಅವ್ವನ ಕಡೆ ಯಾವಾಗ ಹೋಗೂದು?" ಎಂದು ಕೇಳುವಳು. ಲಾಳಿ ಆಚೆ ಹೋಗಿ ಈಚೆ ಬರುವಷ್ಟರಲ್ಲಿ ಮತ್ತೆ ಕೇಳುವಳು. ಕೂಸನ್ನು ಅದರ ತಾಯಿಯ ಹತ್ತಿರ ಮುಟ್ಟಿಸದೆ ಇನ್ನು ಒಂದು ಕುಪ್ಪಸದ ಖಣವೂ ತನ್ನ ಮಗ್ಗದಿಂದ ಇಳಿಯದು ಎಂದು ಹೊಳಬಸಪ್ಪನಿಗೆ ಖಾತ್ರಿಯಾಯಿತು.

"ಯವ್ವಾ, ಗಂಗೂನ್ನ ಸೈಕಲ್ ಮ್ಯಾಲ ಬೇವೂರಿಗೆ ಕರ್ಕೊಂಡು ಹೋಗ್ತೇನಿ."

ದುರ್ಗವ್ವ ನೂಲಿನ ರಾಟಿ ನಿಲ್ಲಿಸಿದಳು. ಮೊಮ್ಮಗಳು ಸೊರಗುತ್ತಿರುವುದು ಅವಳಿಗೂ ಕಾಣುತ್ತಿತ್ತು. ಆದರೆ ಸೈಕಲ್ಲು ಸೈಕಲ್ಲೇ.

"ಮೊದಲ ಒಂದು ಕುಂಬಳಕಾಯಿ ಕೂಡಿಸ್ಕೊಂಡು ಓಣಿ ಸುತ್ತಿ ಬಾ. ಅದು ನೆಟ್ಟಗ ಬಂದ್ರ ಆಮ್ಯಾಲ ಕೂಸಿನ ಮಾತು."

ಹೊಳಬಸಪ್ಪ ಸೈಕಲ್ಲಿನ ನಡುವಿನ ದಂಡಿಗೆಗೆ ಒಂದು ಹಲಗೆ ಬಿಗಿದ. ಕುಂಬಳಕಾಯಿ ಬಂತು. ಅದು ಬರೀ ಕುಂಬಳಕಾಯಿಯಾಗಿ ಹೋದರೆ ಮಗನಿಗೆ ಜವಾಬ್ದಾರಿ ಬರಲಿಕ್ಕಿಲ್ಲ ಎಂದು ದುರ್ಗವ್ವ ಅದಕ್ಕೆ ಗಂಗೂನ ಅಂಗಿ ತೊಡಿಸಿ, ತಲೆಗೆ ಕುಂಚಿಗೆ ಕಟ್ಟಿ, ದೃಷ್ಟಿಯಾಗದಿರಲೆಂದು ಕಾಡಿಗೆಯ ಬೊಟ್ಟನ್ನೂ ಇಟ್ಟಳು. ಓಣಿಗೆ ಓಣಿಯೇ ಮಗ್ಗ ಬಿಟ್ಟು ಹೊರಗೆ ಬಂದು ನಿಂತಿತು. ಹೊಳಬಸಪ್ಪ ಮೊದಲ ತಿರುವು ದಾಟಿದ. ಎರಡನೆಯದರಲ್ಲಿ ಒಂದು ನಾಯಿ ಅಡ್ಡ ಬಂತು. ನಾಯಿ ಉಳಿಯಿತು, ಕುಂಬಳಕಾಯಿ ಉಳಿಯಲಿಲ್ಲ.

"ಅಯ್ಯಯ್ಯೋ ನನ್ನ ಕೂಸ!" ಎಂದು ದುರ್ಗವ್ವ ಎದೆ ಬಡಿದುಕೊಂಡು ಓಡಿಬಂದಳು. ನಿಜವಾದ ಗಂಗೂ ಅವಳ ಸೊಂಟದ ಮೇಲೆಯೇ ಇದ್ದಳು, ತನ್ನ ಅಂಗಿ ಮಣ್ಣಾದದ್ದಕ್ಕೆ ಸಿಟ್ಟಾಗಿದ್ದಳು. ಆ ದಿನ ಓಣಿಯವರೆಲ್ಲರ ಮನೆಯಲ್ಲೂ ಕುಂಬಳಕಾಯಿ ಪಲ್ಯ, ದುರ್ಗವ್ವನ ಮನೆಯಲ್ಲಿ ಮಾತ್ರ ಬರೀ ರೊಟ್ಟಿ.

ಸೈಕಲ್ ರಿಪೇರಿ ಅಂಗಡಿಯ ಅಲ್ಲಾಸಾಬ ಸೊಟ್ಟಾದ ಹ್ಯಾಂಡಲ್ಲು ನೆಟ್ಟಗೆ ಮಾಡುತ್ತ ಬೇರೆಯೇ ಮಾತು ತೆಗೆದ.

"ನಿಮ್ಮವ್ವ ಬೀಳೂದಕ್ಕ ಅಂಜತಾಳ. ಸಾವಕಾಶ ಹೋದ್ರ ನೀ ಬೀಳಂಗಿಲ್ಲ. ನನಗ ಅಂಜಿಕಿ ಕಾಲಿಂದು. ಕುಂಬಳಕಾಯಿಗೆ ಕಾಲ ಇಲ್ಲ ಹೊಳಬಸಪ್ಪ, ನಿನ್ನ ಮಗಳಿಗೆ ಅದಾವ. ಕೂಸು ನಿದ್ದಿಗಣ್ಣಾಗ ಕಾಲ ಒಳಗ ಬಿಟ್ರ ಗಾಲಿ ಕಡ್ಡಿ ಸುಮ್ನ ಬಿಡಂಗಿಲ್ಲ."

ಹೊಳಬಸಪ್ಪ ಮನೆಗೆ ಬಂದು ಮಗ್ಗದಲ್ಲಿ ಕೂತ. ಅವನದು ಕುಣಿ ಮಗ್ಗ, ನೆಲದ ಮೇಲೆ ಕೂತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ನೇಯುವಂಥದು. ಕುಣಿಯೊಳಗಿನ ತನ್ನ ಕಾಲುಗಳನ್ನು ನೋಡಿಕೊಂಡ. ಹುಟ್ಟಿದಾಗಿನಿಂದ ನೋಡಿದ್ದ ಕುಣಿಯೇ, ಆದರೂ ಆ ದಿನ ಹೊಸದಾಗಿ ಕಂಡಿತು. ಕೂಸಿಗೂ ಒಂದು ಕುಣಿ ಬೇಕು, ಅಷ್ಟೇ!

ಅಡುಗೆ ಎಣ್ಣೆಯ ಎರಡು ಖಾಲಿ ಡಬ್ಬಿ ತಂದ. ಅಲ್ಲಾಸಾಬ ಹ್ಯಾಂಡಲ್ಲು ತಿರುಗಿದರೂ ತಾಗದ ಹಾಗೆ ಸೈಕಲ್ಲಿನ ಕೆಳಗಿನ ದಂಡಿಗೆಗೆ ಕಬ್ಬಿಣದ ಪಟ್ಟಿ ಬಿಗಿದು, ಅದರ ಎರಡೂ ತುದಿಗೆ ಒಂದೊಂದು ಡಬ್ಬಿ ಕೂಡಿಸಿದ. ಹಲಗೆಗೆ ಮುರಿದ ಕುರ್ಚಿಯ ಬೆನ್ನು ಬಂತು, ಹಿಡಿದುಕೊಳ್ಳಲು ಮುಂದೆ ಒಂದು ಹಳೆಯ ಲಾಳಿ. ಗಂಗೂವನ್ನು ಕೂಡಿಸಿದರೆ ಬಲಗಾಲು ಬಲಗಡೆಯ ಡಬ್ಬಿಯಲ್ಲಿ, ಎಡಗಾಲು ಎಡಗಡೆಯ ಡಬ್ಬಿಯಲ್ಲಿ. ಅವಳು ಎರಡೂ ಕಾಲು ಕುಣಿಸಿ ಡಬ್ಬಿ ಬಾರಿಸಿದಳು. ತಿಂಗಳಾದ ಮೇಲೆ ಮೊದಲ ಸಲ ನಕ್ಕಳು.

ಆ ನಗೆ ದುರ್ಗವ್ವನನ್ನು ಸೋಲಿಸಿತು. ಆದರೂ ಕಟ್ಟುವ ಕೆಲಸವನ್ನು ಅವಳು ಮಗನಿಗೆ ಬಿಡಲಿಲ್ಲ.

"ಹಗ್ಗ ಕೂಸಿನ ಮೈ ತರಚತೈತಿ. ಹಳಿ ಅರಿಬಿ ಹರೀತೈತಿ. ನಮ್ಮ ಮಗ್ಗದ ಖಣ ಹರಿಯಂಗಿಲ್ಲ."

ಸೊಸೆಯ ಉಡಿ ತುಂಬಲು ಕಳಿಸಬೇಕೆಂದು ಎತ್ತಿಟ್ಟ ಕತ್ತರಿಸದ ಜೋಡಿ ಖಣ ಪೆಟ್ಟಿಗೆಯಿಂದ ಹೊರಗೆ ಬಂತು. ದುರ್ಗವ್ವ ಅದನ್ನು ಮೊಮ್ಮಗಳ ನಡುವಿಗೆ, ಕುರ್ಚಿಯ ಬೆನ್ನಿಗೆ, ಹಲಗೆಗೆ ಸುತ್ತಿ, ಮಗ್ಗದಲ್ಲಿ ಹರಿದ ಎಳೆಗಳಿಗೆ ಗಂಟು ಹಾಕುತ್ತಲೇ ಮುದಿಯಾದ ಬೆರಳುಗಳಿಂದ ಗಂಟಿನ ಮೇಲೆ ಗಂಟು ಹಾಕಿದಳು. ಸಾಕು ಯವ್ವಾ ಎಂದರೆ ಇನ್ನೊಂದು ಹಾಕಿದಳು.

ಹೊಳಬಸಪ್ಪ ಮೊಳಕಾಲುಗಳನ್ನು ಹೊರಗೆ ಅಗಲಿಸಿ ಕಪ್ಪೆಯ ಹಾಗೆ ಪೆಡಲ್ ತುಳಿಯುತ್ತ ಹೊರಟ. ಇಳಿಜಾರಿನಲ್ಲೆಲ್ಲ ಇಳಿದು ಸೈಕಲ್ಲು ಹಿಡಿದುಕೊಂಡೇ ನಡೆದ. ಡಬ್ಬಿಗಳ ಸದ್ದಿಗೆ ದಾರಿಯ ಊರುಗಳ ಹುಡುಗರು ಐಸ್‌ಕ್ಯಾಂಡಿ ಬಂತೆಂದು ಓಡಿಬಂದು, ಗಂಗೂವನ್ನು ಕಂಡು ಬೇಸರಪಟ್ಟು ಹೋದರು. ನಡುವೆ ಒಂದು ಬೇವಿನ ಗಿಡದ ಕೆಳಗೆ ಗಂಗೂ ತಂಬಿಗೆಯಿಂದ ನೀರು ಕುಡಿದಳು, ಅರ್ಧ ನೀರು ಖಣ ಕುಡಿಯಿತು. ಆಮೇಲೆ ಅವಳು ನಿದ್ದೆ ಹೋದಳು. ಅವಳ ತಲೆ ಅತ್ತಿತ್ತ ವಾಲಿತು, ಆದರೆ ಕಾಲುಗಳು ಡಬ್ಬಿಯಿಂದ ಅಲುಗಲಿಲ್ಲ. ಹೊಳಬಸಪ್ಪ ಮನಸ್ಸಿನಲ್ಲೇ ಅಲ್ಲಾಸಾಬನಿಗೆ ಕೈ ಮುಗಿದ.

ಬೇವೂರಿನಲ್ಲಿ ಮಾವ ಗೋವಿಂದಪ್ಪನ ಮನೆಯ ಮುಂದೆ ಸೈಕಲ್ಲು ನಿಂತಾಗ ಗಂಗೂ ಕಣ್ಣು ತೆರೆದಳು. ಬಾಣಂತಿ ಹೊರಗಿನ ಗಾಳಿಗೆ ಬರಬಾರದೆಂದು ರತ್ನಾಬಾಯಿ ಬಾಗಿಲ ಒಳಗೆ ತಲೆಗೆ ಅರಿವೆ ಕಟ್ಟಿಕೊಂಡು ನಿಂತಿದ್ದಳು.

"ಅವ್ವಾ!" ಎಂದು ಗಂಗೂ ಎರಡೂ ಕೈ ಚಾಚಿದಳು. ಹೊಳಬಸಪ್ಪ ಗಂಟಿಗೆ ಕೈ ಹಾಕಿದ. ಗಂಟು ಜಗ್ಗಲಿಲ್ಲ. ನೀರು ಕುಡಿದು ಒಣಗಿದ ಗಂಟು ಕಲ್ಲಾಗಿತ್ತು. ಗೋವಿಂದಪ್ಪ ದಬ್ಬಣ ತಂದು ತಿವಿದ, ದಬ್ಬಣ ಸೊಟ್ಟಾಯಿತು. ಹಲ್ಲು ಗಟ್ಟಿ ಇದ್ದ ನೆರೆಮನೆಯ ಕನಕಪ್ಪ ಹಲ್ಲಿನಿಂದ ಎಳೆದು, ಹಲ್ಲು ಹಿಡಿದುಕೊಂಡು ಹಿಂದೆ ಸರಿದ. ಗಂಗೂ ಅಳಲು ಶುರು ಮಾಡಿದಳು. ಇಷ್ಟು ದೂರ ಬಂದು, ಅವ್ವನನ್ನು ಕಣ್ಣಾರೆ ಕಂಡು, ಮುಟ್ಟಲಾಗದೆ ಕೂಡುವುದೆಂದರೆ!

"ಕತ್ತರಿ ಕೊಡ್ರಿ" ಎಂದ ಹೊಳಬಸಪ್ಪ.

"ಬ್ಯಾಡ್ರಿ ಅಳಿಯಂದ್ರ!" ಅತ್ತೆ ಇಂದ್ರಾಬಾಯಿ ಅಡ್ಡ ನಿಂತಳು. "ಉಡಿ ಸೇರದ ಖಣಕ್ಕ ಕತ್ತರಿ ಹಾಕಬಾರ್ದು. ಅದೂ ಬಾಣಂತಿ ಖಣಕ್ಕ!"

"ಹಂಗಾರ ನಮ್ಮವ್ವನ್ನ ಕರ್ಕೊಂಡು ಬರ್ಬೇಕು. ಅಲ್ಲೀತನಕ ಕೂಸು ಹಿಂಗ ಕೂಡಲೇನ್ರಿ?"

ಆಗ ಬಾಗಿಲ ಒಳಗಿನಿಂದ ರತ್ನಾಬಾಯಿ ಅಂದಳು, "ಉಡಿ ಸೇರಿದ ಮ್ಯಾಲ ಕತ್ತರಿಸಬಹುದಿಲ್ಲೋ ಯವ್ವಾ? ಹಂಗಾರ ಸೈಕಲ್ ಒಳಗ ತರ್ರಿ. ಈಗ ನನ್ನ ಉಡಿ ತುಂಬ್ರಿ. ಖಣ ಹೆಂಗೈತಿ ಹಂಗ."

ಗೋವಿಂದಪ್ಪ ಮುಂದಿನ ಗಾಲಿ, ಹೊಳಬಸಪ್ಪ ಹಿಂದಿನ ಗಾಲಿ ಹಿಡಿದು, ಗಂಗೂಸಹಿತ ಸೈಕಲ್ಲನ್ನು ಹೊಸ್ತಿಲು ದಾಟಿಸಿದರು. ಇಂದ್ರಾಬಾಯಿ ಮೊರದಲ್ಲಿ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು ತಂದಳು. ರತ್ನಾಬಾಯಿ ಸೈಕಲ್ಲಿಗೆ ಒತ್ತಿ ನಿಂತು ಸೆರಗು ಒಡ್ಡಿದಳು. ಇಂದ್ರಾಬಾಯಿ ಖಣದ ಜೋತಾಡುತ್ತಿದ್ದ ಚುಂಗನ್ನು ಆ ಸೆರಗಿನೊಳಗಿಟ್ಟು ಮೇಲೆ ಅಕ್ಕಿ ಸುರಿದಳು. ಗಂಗೂ ಅಳು ನಿಲ್ಲಿಸಿ, ಅವ್ವನ ಉಡಿಯಿಂದ ಕೊಬ್ಬರಿ ಬಟ್ಟಲು ಎತ್ತಿಕೊಂಡು ಕಡಿಯತೊಡಗಿದಳು. ಆರತಿಯೂ ಆಯಿತು. ಅದು ಬಾಣಂತಿಗೋ ಸೈಕಲ್ಲಿಗೋ ಎಂದು ಬಾಗಿಲಲ್ಲಿ ಇಣುಕುತ್ತಿದ್ದ ಹೆಂಗಸರಿಗೆ ತಿಳಿಯಲಿಲ್ಲ.

ಆಮೇಲೆ ಕತ್ತರಿ ಬಂತು. ಖಣ ಸರಿಯಾಗಿ ಗಂಟಿನ ಪಕ್ಕದಲ್ಲಿ ತುಂಡಾಯಿತು, ಗಂಗೂ ಅಕ್ಕಿ ಅಡಿಕೆಗಳ ಜೊತೆಗೇ ಅವ್ವನ ಉಡಿಗೆ ಬಿದ್ದಳು. ರತ್ನಾಬಾಯಿ ಅವಳನ್ನು ಅವಚಿಕೊಂಡು ನೆಲಕ್ಕೆ ಕೂತು ಅತ್ತಳು. ಹೊಳಬಸಪ್ಪ ಗಾಲಿಯ ಗಾಳಿ ನೋಡುವ ನೆವ ಮಾಡಿ ಅತ್ತ ತಿರುಗಿ ಕಣ್ಣೊರೆಸಿಕೊಂಡ.

ಮರುದಿನ ಹೊಳಬಸಪ್ಪ ಒಬ್ಬನೇ ಗುಳೇದಗುಡ್ಡಕ್ಕೆ ಬಂದರೆ, ದುರ್ಗವ್ವ ಕಟ್ಟೆಯ ಮೇಲೆ ದಾರಿಗೆ ಮುಖ ಮಾಡಿ ಕೂತಿದ್ದಳು.

"ದಾರ್ಯಾಗ ಗಂಟು ಸಡಲ ಆತೇನು?"

"ಇಲ್ಲ ಯವ್ವಾ. ಬೇವೂರ ಮಂದಿ ಕೂಡಿ ಜಗ್ಗಿದ್ರೂ ಆಗಲಿಲ್ಲ."

ಮುದುಕಿಯ ಮುಖ ಅರಳಿತು. ಆಮೇಲೆ ಸಂಶಯ ಬಂತು. "ಮತ್ತ ಕೂಸು ಹೆಂಗ ಇಳೀತು?"

ಹೊಳಬಸಪ್ಪ ಎಲ್ಲ ಹೇಳಿದ, ಕತ್ತರಿಯ ಮಾತನ್ನೂ ಮುಚ್ಚಿಡಲಿಲ್ಲ. ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತ.

"ಅವ್ವನ ಉಡಿಯಾಗ ಕುಂತಿತೇನು?"

"ಕುಂತು ರೊಟ್ಟಿ ತಿಂತು ಯವ್ವಾ. ಇನ್ನ ಬೇಕು ಅಂತು. ತಮ್ಮ ದೊಡ್ಡಾವ ಆದ ಮ್ಯಾಲ ಅವನ್ನೂ ಸೈಕಲ್ ಮ್ಯಾಲ ಕೂಡಿಸ್ಕೋ ಅಂತು."

ದುರ್ಗವ್ವ ಎದ್ದಳು. ಗೋಡೆಗೆ ಒರಗಿದ್ದ ಸೈಕಲ್ಲನ್ನು ಮೊದಲ ಸಲ ಕಣ್ತುಂಬ ನೋಡಿದಳು, ಖಾಲಿ ಡಬ್ಬಿಗಳನ್ನು ಸೆರಗಿನಿಂದ ಒರೆಸಿದಳು. ಒಳಗೆ ಹೋಗಿ, ಜೀರಿಗೆ ಸಾಸಿವೆ ಇಟ್ಟಿದ್ದ ಎರಡು ಸಣ್ಣ ಡಬ್ಬಿಗಳನ್ನು ಬರಿದು ಮಾಡಿ ತಂದು ಮಗನ ಕೈಯಲ್ಲಿಟ್ಟಳು.

"ಅಲ್ಲಾಸಾಬಗ ಕೊಟ್ಟಿರು. ಮೊಮ್ಮಗನ ಕಾಲ ಸಣ್ಣವು, ಇವು ಸಾಕು."