ಮಷೀನು ಕೊಟ್ಟರೂ ಹಗ್ಗ ಕೊಡಬಾರದು

ನಾನು ಮಾತಾಡಿದರೆ ಬೈದ ಹಾಗೆ ಕೇಳುತ್ತದಂತೆ. ನಮ್ಮ ಪತ್ತಿನ ಸಂಘದಲ್ಲಿ ಎಲ್ಲರೂ ಬೆನ್ನ ಹಿಂದೆ ಹೇಳುವ ಮಾತಿದು. ಬಸವನ ಬಾಗೇವಾಡಿಯ ಹೆಡ್ ಆಫೀಸಿನಲ್ಲಿ ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬನೇ, ಸಿದ್ದಾರೂಢ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಯಾವ ಶಾಖೆಯಲ್ಲಿ ಮಷೀನು ಕೆಟ್ಟರೂ ಫೋನ್ ಬರುವುದು ನನಗೆ. ಎಲ್ಲ ಚೆನ್ನಾಗಿದ್ದಾಗ ಯಾರೂ ಫೋನ್ ಮಾಡುವುದಿಲ್ಲ. ದಿನಾ ಕೆಟ್ಟ ಸುದ್ದಿಯನ್ನೇ ಕೇಳುವವನ ದನಿ ಮೆತ್ತಗಿರಲಿ ಎಂದರೆ ಹೇಗೆ?

ಈ ವರ್ಷ ಎಲ್ಲ ಶಾಖೆಗೂ ಹೊಸ ಕಂಪ್ಯೂಟರ್ ಬಂದವು. ಹಳೆಯವನ್ನು ಏನು ಮಾಡುವುದು ಎಂಬ ಮಾತು ಬಂದಾಗ ಆಡಳಿತ ಮಂಡಳಿಯವರು ಗುಜರಿಗೆ ಹಾಕಿ ಅಂದರು. ನಾನು ಎದ್ದು ನಿಂತೆ. ಹಿಂದಿನ ಸಲ ಗುಜರಿಗೇ ಹಾಕಿದ್ದೆವು. ಅವರು ವಾಯರುಗಳನ್ನೆಲ್ಲ ಹಳ್ಳದ ದಂಡೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಟ್ಟರು. ಮೇಲಿನ ಪ್ಲಾಸ್ಟಿಕ್ ಸುಟ್ಟು ಹೋದರೆ ಒಳಗಿನ ತಾಮ್ರ ಸಿಗುತ್ತದಲ್ಲ, ಅದಕ್ಕೆ. ಆ ಕರಿ ಹೊಗೆ ಇಡೀ ಓಣಿಗೆ ನುಗ್ಗಿ ಕೂಸುಗಳು ಕೆಮ್ಮಿ ಕೆಮ್ಮಿ ಸುಸ್ತಾದವು. ನಾನು ಜಗಳಕ್ಕೆ ಹೋದರೆ ಗುಜರಿಯವನು, "ಮಾಲು ನಿಮ್ಮದಽ ಅಲ್ರಿ," ಅಂದ. 

ಆದ್ದರಿಂದ ಈ ಸಲ ಹುಬ್ಬಳ್ಳಿಯ ಪರವಾನಗಿ ಇರುವ ಕಂಪನಿಗೇ ಕೊಡುವುದು ಎಂದು ಹಟ ಹಿಡಿದೆ. ಅವರು ಒಳಗಿನ ಲೆಕ್ಕ ಯಾರೂ ಓದದಂತೆ ಡಿಸ್ಕಿಗೆ ತೂತು ಹೊಡೆಯುತ್ತಾರೆ, ಬ್ಯಾಟರಿ ಬೇರೆ, ಗಾಜು ಬೇರೆ, ತಾಮ್ರ ಬೇರೆ ಮಾಡುತ್ತಾರೆ. ಶಾಖೆಗಳಿಗೆ ನಾನೇ ಸುತ್ತೋಲೆ ಬರೆದೆ: ಮಷೀನಿನಲ್ಲಿರುವುದನ್ನೆಲ್ಲ ಅಳಿಸಬೇಕು, ಏನೂ ಉಳಿಯಬಾರದು. ಒಂದು ವಾಯರನ್ನೂ ಯಾರೂ ಇಟ್ಟುಕೊಳ್ಳಬಾರದು. ಕಮ್ಮಿ ಬಂದರೆ ನಾನು ಸಹಿ ಮಾಡುವುದಿಲ್ಲ.

ಸಾಮಾನು ತರಲು ರಮಜಾನನ ಟೆಂಪೋದಲ್ಲಿ ನಸುಕಿನಲ್ಲೇ ಹೊರಟೆ. ಮೊದಲು ಇಂಡಿ. ಅಲ್ಲಿನ ಸಿಪಾಯಿ ಚನ್ನಬಸಯ್ಯ ಹಳೆಯ ಮಷೀನುಗಳನ್ನು ಒರೆಸಿ, ಹಣೆ ಎಲ್ಲಿದೆ ಅಂತ ತನಗೆ ಅನಿಸಿತ್ತೋ ಅಲ್ಲಿ ವಿಭೂತಿ ಹಚ್ಚಿ, ಸಾಲಾಗಿ ಇಟ್ಟಿದ್ದ. ಎಲ್ಲ ಇತ್ತು, ಕರೆಂಟಿನ ವಾಯರೇ ಇರಲಿಲ್ಲ.

"ವಾಯರ್ ಎಲ್ಲಿ?"

"ಅವು ಇರಲಿ ಬಿಡ್ರಿ ಸಾಹೇಬ್ರ."

"ಯಾಕ? ಸುಟ್ಟು ತಾಮ್ರಾ ತಗ್ಯಾವ್ರೇನು?"

ಆತನಿಗೆ ಬೇಜಾರಾಯಿತು. "ಎತ್ತು ಮಾರಿದ್ರ ಹಗ್ಗಾ ಕೊಡ್ತಾರೇನ್ರಿ? ಹಗ್ಗ ಬಿಚ್ಚಕೊಂಡು ಮನಿಗಿ ತರಬೇಕು. ಹಗ್ಗಾನೂ ಕೊಟ್ರ ಮೇವು ಹಾಕೂ ಆ ಗ್ವಾದಲಿಗಿ ಮತ್ತ ಎತ್ತು ಬರಂಗಿಲ್ಲ. ಈ ಮಷೀನೂ ನಮಗ ದುಡದಾವಲ್ರಿ."

"ಚನ್ನಬಸಯ್ಯ, ಇದು ಎತ್ತಲ್ಲ. ವಾಯರ್ ತಗೊಂಡ ಬಾ."

ಆತ ಕಪಾಟಿನಿಂದ ವಾಯರು ತಂದು ನನ್ನ ಕೈಗೆ ಕೊಡದೆ ನೆಲಕ್ಕಿಟ್ಟ. "ತಗೋರಿ. ಇನ್ನ ಈ ಆಫೀಸಿಗಿ ಏನೂ ಬರಂಗಿಲ್ಲ," ಅಂದ. ಹೊಸ ಕಂಪ್ಯೂಟರು ಅವನ ಹಿಂದೆಯೇ ಕೂತಿತ್ತು. ಅದನ್ನು ತೋರಿಸಿ ನಕ್ಕೆ. ಆತ ನಗಲಿಲ್ಲ.

ಸಿಂದಗಿಯಲ್ಲಿ ಜಗಳವಾಗಲಿಲ್ಲ. ಇಂಡಿಯಿಂದ ಫೋನ್ ಹೋಗಿರಬೇಕು, ಎಲ್ಲರೂ ನನ್ನನ್ನು ಕಂಡು ಸುಮ್ಮನೆ ಸಾಮಾನು ಹೊತ್ತು ಕೊಟ್ಟರು. ಚಹಾ ಕೂಡ ಕೇಳಲಿಲ್ಲ. ರಸ್ತೆಗೆ ಬಂದಮೇಲೆ ರಮಜಾನ ಅಂದ: "ನಮ್ಮಪ್ಪನೂ ಸಂತ್ಯಾಗ ಎತ್ತು ಮಾರಿ ಹಗ್ಗ ಹೆಗಲಿಗಿ ಹಾಕ್ಕೊಂಡು ಬರತಿದ್ದ ನೋಡ್ರಿ. ಆ ರಾತ್ರಿ ಊಟ ಮಾಡತಿದ್ದಿಲ್ಲ."

ನಾನು ಹೂಂಗುಟ್ಟಿದೆ. ನನ್ನ ಮನಸ್ಸು ಆಗಲೇ ಮುದ್ದೇಬಿಹಾಳದಲ್ಲಿತ್ತು.

ಮುದ್ದೇಬಿಹಾಳ ಶಾಖೆಯ ಕಂಪ್ಯೂಟರ್ ನೋಡಿಕೊಳ್ಳುವವರು ದಾನೇಶ್ವರಿ ಮೇಡಮ್. ಹಳೆಯ ವ್ಯವಸ್ಥೆಯಲ್ಲಿ ಪ್ರತಿ ಸಂಜೆ ಶಾಖೆಯವರು ದಿನದ ಲೆಕ್ಕ ಮುಗಿಸಿ ನನಗೆ ಕಳಿಸಬೇಕು, ನಾನು ನೋಡಿ ಒಪ್ಪಬೇಕು. ಕೆಳಗೆ ಷರಾ ಬರೆಯಲು ಒಂದು ಸಣ್ಣ ಜಾಗ ಇತ್ತು. ಬೇರೆಯವರು ಅಲ್ಲಿ ಏನೂ ಬರೆಯುತ್ತಿರಲಿಲ್ಲ. ಮೇಡಮ್ ಬರೆಯುತ್ತಿದ್ದರು. "ಲೆಕ್ಕ ಸರಿ ಐತಿ. ಇಲ್ಲಿ ಗಾಳಿ ಭಾಳ." ನಾನು ಬರೆಯುತ್ತಿದ್ದೆ, "ನೋಡಿದೆ. ಇಲ್ಲೂ ಗಾಳಿ." ಇಷ್ಟೇ. ಒಮ್ಮೆ ಮಳೆ, ಒಮ್ಮೆ ನೆಗಡಿ, ಒಮ್ಮೆ ಹಿತ್ತಲಿನ ನುಗ್ಗೆ ಗಿಡ ಮುರಿದದ್ದು. ಅವರ ತಾಯಿ ತೀರಿಕೊಂಡ ದಿನ ಷರಾ ಹೀಗಿತ್ತು: "ಅವ್ವ ಹ್ವಾದ್ಲು. ಲೆಕ್ಕ ನಾಳೆ ಮುಗಸ್ತೇನಿ." ನಾನು ಏನೇನೋ ಬರೆದು, ಎಲ್ಲ ಅಳಿಸಿ, "ಲೆಕ್ಕ ನಾ ಮುಗಸೇನಿ. ನೀವು ಮನಿಗಿ ಹೋಗ್ರಿ," ಅಂತ ಕಳಿಸಿದೆ.

ಅವರಿಗೆ ಮದುವೆಯಾಗಿಲ್ಲ. ನನ್ನ ಹೆಂಡತಿ ತೀರಿ ಹೋಗಿ ಬಹಳ ವರ್ಷವಾಯಿತು. ಇದರಲ್ಲಿ ಮತ್ತೇನೋ ಹುಡುಕುವವರಿಗೆ ಒಂದು ಮಾತು: ವಾರ್ಷಿಕ ಸಭೆಯಲ್ಲಿ ಎದುರಾದಾಗ "ಆರಾಮ್ರಿ?" "ಆರಾಮ್ರಿ," ಮಷೀನಿನ ಕೆಲಸ ಬಿಟ್ಟರೆ ಇದಕ್ಕಿಂತ ಹೆಚ್ಚು ನಾವು ಮಾತಾಡಿದ್ದಿಲ್ಲ. ಇಬ್ಬರಿಗೂ ಬಾಯಲ್ಲಿ ಮಾತು ಬರುತ್ತಿರಲಿಲ್ಲ, ಬೆರಳಲ್ಲಿ ಬರುತ್ತಿತ್ತು.

ಹೊಸ ವ್ಯವಸ್ಥೆಯಲ್ಲಿ ಲೆಕ್ಕ ತಾನೇ ಮುಗಿಯುತ್ತದೆ. ಯಾರೂ ನೋಡಬೇಕಿಲ್ಲ, ಷರಾ ಜಾಗವೂ ಇಲ್ಲ. ಅದು ಬಂದ ಮೇಲೆ ಸಂಜೆ ಬಾಡಿಗೆ ಮನೆಗೆ ಬಂದು ಅನ್ನಕ್ಕಿಡುವಾಗ, ಇವತ್ತಿನ ದಿನ ಮುಗಿದದ್ದು ಯಾರಿಗೂ ಗೊತ್ತಿಲ್ಲ ಅಂತ ಅನಿಸತೊಡಗಿತು. ಅವರ ನಂಬರು ನನ್ನಲ್ಲಿದೆ. ಆದರೆ ಕೆಲಸವಿಲ್ಲದೆ ಹೆಣ್ಣುಮಗಳೊಬ್ಬಳಿಗೆ ಫೋನ್ ಮಾಡಿ ಏನಂತ ಹೇಳಲಿ, ಇಲ್ಲಿ ಗಾಳಿ ಬೀಸುತ್ತಿದೆ ಅಂತಲೇ? ಇವತ್ತು ಎದುರಿಗೇ ಕೇಳಿಬಿಡಬೇಕು ಎಂದು ನಿರ್ಧರಿಸಿದ್ದೆ. "ಸಂಜಿಗಿ ಒಮ್ಮೊಮ್ಮೆ ಫೋನ್ ಮಾಡ್ಲೇನ್ರಿ?" ತಾಳಿಕೋಟಿ ದಾಟಿದ ಮೇಲೆ ಇದನ್ನೇ ಬಾಯಲ್ಲಿ ಹೊರಳಾಡಿಸುತ್ತ ಕೂತೆ. ರಮಜಾನ ನಾನು ಮಂತ್ರ ಹೇಳುತ್ತಿದ್ದೇನೆ ಅಂದುಕೊಂಡು ರೇಡಿಯೋ ಬಂದ್ ಮಾಡಿದ.

ಮೇಡಮ್ ಬಾಗಿಲಲ್ಲೇ ಇದ್ದರು. ತಲೆಗೂದಲು ನಾನು ಹಿಂದೆ ಕಂಡದ್ದಕ್ಕಿಂತ ಬೆಳ್ಳಗಾಗಿತ್ತು.

"ಬರ್ರಿ ಸರ್. ಆರಾಮ್ರಿ?"

"ಆರಾಮ್ರಿ."

ಅವರ ಸಾಮಾನು ನೋಡಿದರೆ ಕಣ್ಣಿಗೆ ತಂಪಾಗಬೇಕು. ಮಷೀನುಗಳ ಮೇಲೆ ಧೂಳಿಲ್ಲ, ಬ್ಯಾಟರಿಗಳಿಗೆ ಟೇಪು ಸುತ್ತಿದೆ, ವಾಯರುಗಳನ್ನೆಲ್ಲ ಸುರುಳಿ ಮಾಡಿ ಡಬ್ಬಿಯಲ್ಲಿ ಇಟ್ಟಿದೆ. ಅವರ ಸ್ವಂತ ಮಷೀನಿನ ವಾಯರಿಗೆ ಮಾತ್ರ ಇಳಕಲ್ ಸೀರೆಯ ದಡಿಯ ಚೂರು ಕಟ್ಟಿತ್ತು. ನಾನು ರೂಢಿಯಂತೆ ಎಣಿಸಲು ಕೂತೆ.

"ಎಲ್ಲಾ ಅದಾವ್ರಿ ಸರ್. ಒಂದೂ ಇಟ್ಕೊಂಡಿಲ್ಲ."

"ಮಷೀನಿನಾಗಿಂದೆಲ್ಲ ಅಳಸೀರಿ?"

"ಅಳಸೇನ್ರಿ."

"ಷರಾನೂ?"

ಅವರು ನನ್ನ ಮುಖ ನೋಡಿದರು. "ಏನೂ ಉಳೀಬಾರ್ದು ಅಂತ ನೀವಽ ಬರದಿದ್ರಲ್ರಿ. ಅಳಸೂ ಮೊದಲ ಕೂತು ಎಲ್ಲಾ ಒಮ್ಮೆ ಓದಿದೆ."

ಈಗ ಕೇಳಬೇಕಿತ್ತು.  ಅಷ್ಟರಲ್ಲಿ ಅವರೇ ದಡಿ ಕಟ್ಟಿದ ವಾಯರನ್ನು ಮುಟ್ಟಿ ಹೇಳಿದರು: "ನಮ್ಮಪ್ಪ ಎತ್ತು ಮಾರಿದ್ರ ಹಗ್ಗಾ ಕೊಡತಿದ್ದಿಲ್ಲ. ಇದೊಂದು ಇಟ್ಕೋಬೇಕಂತ ಮಾಡಿದ್ದೆ. ಮತ್ತ ನೀವು ಬೈತೀರಿ ಅಂತ ಡಬ್ಬ್ಯಾಗ ಹಾಕಿಬಿಟ್ಟೆ."

ಒಂದೇ ಶಬ್ದ ಸಾಕಿತ್ತು. ಇಟ್ಕೋರಿ ಅಂದಿದ್ದರೆ ಆಗುತ್ತಿತ್ತು. ಬೆಳಿಗ್ಗೆಯಿಂದ ನಾಲಿಗೆಗೆ ಒಂದೇ ದಾರಿ ರೂಢಿಯಾಗಿತ್ತು. "ಚೊಲೋ ಮಾಡಿದ್ರಿ," ಅಂದೆ, "ಇಂಡ್ಯಾಗ ಇದಽ ಹಗ್ಗದ ಪುರಾಣ ಹೇಳಿ ತಲಿ ತಿಂದ್ರು."

ಅವರು ಕೈ ಹಿಂದಕ್ಕೆ ತಗೊಂಡರು. ಆಮೇಲೆ ಸಹಿ ಹಾಕಿದರು, ಚಹಾ ತರಿಸಿದರು, ಟೆಂಪೋ ತನಕ ಬಂದು ನಿಂತರು. ನಾನು ಫೋನಿನ ಮಾತು ಎತ್ತಲಿಲ್ಲ. ಎತ್ತುವ ಮುಖ ಉಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ಹುಬ್ಬಳ್ಳಿಯ ಗಾಡಿ ಬಂತು. ಕಂಪನಿಯವನು ಎಣಿಸಿ, "ಮುದ್ದೇಬಿಹಾಳದ್ದು ಒಂದು ವಾಯರ್ ಕಮ್ಮಿ ಐತ್ರಿ," ಅಂದ. ಕಮ್ಮಿ ಅಂತಲೇ ಬರೆದುಕೋ ಅಂದೆ. ನಮ್ಮ ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಡಿ ಕಟ್ಟಿದ ಆ ವಾಯರು ನನ್ನ ಕೈಚೀಲದಲ್ಲಿತ್ತು. ಬೆಳಿಗ್ಗೆ ಡಬ್ಬಿಯಿಂದ ತೆಗೆದವನು ನಾನೇ.

ಸಂಜೆ ಮನೆಯಲ್ಲಿ ಅನ್ನಕ್ಕಿಟ್ಟು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದರಿಂದ ಸಮಾಧಾನ ಸಿಗುತ್ತದೆ ಅಂದುಕೊಂಡಿದ್ದೆ, ಸಿಗಲಿಲ್ಲ. ಹಗ್ಗ ಇರಬೇಕಾದದ್ದು ಎತ್ತು ಕೊಟ್ಟವರ ಮನೆಯಲ್ಲಿ. ಒಯ್ದವನ ಮನೆಯಲ್ಲಿ ಅದು ಕಳವಿನ ಮಾಲು, ಅಷ್ಟೇ. ಆಗ ಹೊಳೆಯಿತು, ಫೋನ್ ಮಾಡಲು ಈಗ ಒಂದು ಕೆಲಸವಿದೆ. ತಮಾಷೆಯಾಗಿ ಶುರು ಮಾಡಿ, ಆಮೇಲೆ ಹಗ್ಗ ಕೊಡಲು ಬರುತ್ತೇನೆ ಅನ್ನುವುದು. ಬಹಳ ದಿನದ ಮೇಲೆ ನನಗೆ ಖುಷಿಯಾಯಿತು.

ಮೇಡಮ್ ಕೂಡಲೇ ಎತ್ತಿದರು.

"ಮೇಡಮ್, ನಿಮ್ಮ ಲೆಕ್ಕದಾಗ ಒಂದು ವಾಯರ್ ಕಮ್ಮಿ ಬಂದೈತ್ರಿ."

 ಬೈಯುವವನ ಬಾಯಲ್ಲಿ ತಮಾಷೆಯೂ ಬೈಗುಳವೇ ಆಗುತ್ತದೆಂದು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ?

"ನಾ ಒಂದೂ ಇಟ್ಕೊಂಡಿಲ್ರಿ ಸರ್," ಅಂದರು.  "ಆಫೀಸಿನ ಕೀಲಿ ನನ್ನ ಕಡೇನಽ ಐತಿ. ಈಗಽ ಹೋಗಿ ಹುಡುಕಿ ನೋಡ್ತೇನಿ."

"ಅಲ್ರಿ, ಮೇಡಮ್..."

ಫೋನ್ ಇಟ್ಟಿದ್ದರು. ಮತ್ತೆ ಹಚ್ಚಿದೆ, ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ. ಫೋನ್ ಮನೆಯಲ್ಲೇ ಬಿಟ್ಟು, ಕೀಲಿ ಹಿಡಿದು ಹೊರಟಿರಬೇಕು. ಒಂದೂ ಉಳಿಸಿಕೊಳ್ಳದ ಆ ಹೆಂಗಸು ಅಲ್ಲಿ ಲೈಟು ಹಾಕಿ, ಮೇಜಿನ ಕೆಳಗೆ ಬಗ್ಗಿ, ಕಪಾಟು ಸರಿಸಿ, ನನ್ನ ತೊಡೆಯ ಮೇಲಿರುವ ವಾಯರನ್ನು ಹುಡುಕುತ್ತಿದ್ದರು.

ಒಲೆ ಆರಿಸಿದೆ. ವಾಯರನ್ನು ದಡಿಯ ಚೂರಿನ ಸಮೇತ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಮುದ್ದೇಬಿಹಾಳದ ಬಸ್ಸು ನಿಂತಿತ್ತು. ಕಂಡಕ್ಟರ್ ನನಗೆ ಗುರುತಿನವನು.

"ಏನ್ ಸಾಹೇಬ್ರ, ಮತ್ತ ಮಷೀನ್ ಕೆಟ್ಟೈತೇನ್ರಿ?"

"ಇಲ್ಲಪಾ," ಅಂದೆ, "ಮಷೀನು ಚೊಲೋನಽ ಅದಾವ."

ಆ ಊರಿಗೆ ಮಷೀನಿನ ಕೆಲಸವಿಲ್ಲದೆ ನಾನು ಹೋಗುತ್ತಿರುವುದು ಇದೇ ಮೊದಲು.