ಕಿವಿ ಕೇಳದವಳ ಫೋನು

ಮಾಸ್ತಿಯ ಆ ಮನೆಗೆ ಫೋನು ಬಂದದ್ದು ತೊಂಬತ್ತೆಂಟರಲ್ಲಿ. ಬಂದ ದಿನದಿಂದಲೂ ಶೋಭಾರಾಣಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮನೆಯವರೆಲ್ಲ ಇದ್ದಕ್ಕಿದ್ದಂತೆ ಎದ್ದು ಆ ಕರಿ ಡಬ್ಬಿಯ ಹತ್ತಿರ ಓಡುತ್ತಿದ್ದರು, ನಗುತ್ತಿದ್ದರು, ತಲೆಯಾಡಿಸುತ್ತಿದ್ದರು. ಮುಂದೆ ಕೂತವರ ತುಟಿ ನೋಡಿ ಮಾತು ತಿಳಿಯುವುದು ಅವಳಿಗೆ ಗೊತ್ತಿತ್ತು. ಫೋನಿನಲ್ಲಿ ಅದೂ ಸಾಧ್ಯವಿರಲಿಲ್ಲ. ರಿಸೀವರು ತುಟಿಗೆ ಅಡ್ಡ ಬರುತ್ತಿತ್ತು.

ರಾಯಲ್ಪಾಡಿಗೆ ಮದುವೆಯಾಗಿ ಹೋದ ಅಕ್ಕ ಶಾಮಲಮ್ಮ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದಳು. ಎತ್ತುತ್ತಿದ್ದವನು ಅಣ್ಣ ಕಾಂತರಾಜ್. ಹತ್ತು ನಿಮಿಷ ಮಾತಾಡಿ, ಇಟ್ಟು, ಶೋಭಾಳ ಕಡೆ ತಿರುಗಿ, "ಚೆನ್ನಾಗಿದೀಯಾ ಅಂತ ಕೇಳಿದ್ಲು" ಎನ್ನುತ್ತಿದ್ದ. ಅಕ್ಕನ ಹತ್ತು ನಿಮಿಷದಲ್ಲಿ ಅವಳಿಗೆ ಸಿಗುತ್ತಿದ್ದದ್ದು ಅಷ್ಟು.

ಅಪ್ಪ ರಾಮಚಂದ್ರಪ್ಪ ತೀರಿಕೊಂಡ ಮೇಲೆ ಅದೂ ನಿಂತಿತು. ವೈಕುಂಠ ಸಮಾರಾಧನೆ ಮುಗಿದ ಮಾರನೇ ತಿಂಗಳು, ಒಂದು ಭಾನುವಾರ, ಕಾಂತರಾಜ್ ರಿಸೀವರು ಇಟ್ಟು ಅವಳ ಮುಂದೆ ಬಂದು ಕೂತ. ಅವಳಿಗೆ ಚೆನ್ನಾಗಿ ಕಾಣಲೆಂದು ನಿಧಾನವಾಗಿ ತುಟಿ ಆಡಿಸಿದ.

"ಆ ಮೂಗೀನ ನನ್ನ ತಲೆಗೆ ಕಟ್ಬೇಡಿ ಅಂತಾಳೆ ನಿಮ್ಮಕ್ಕ. ನಿನ್ನ ಮುಖಾನೂ ನೋಡಲ್ವಂತೆ."

ಶೋಭಾ ಇನ್ನೊಂದು ಸಲ ಹೇಳು ಎಂದು ಕೈ ಮಾಡಿದಳು. ಅವನು ಅದನ್ನೇ ಹೇಳಿದ.

ವರ್ಷದ ತಿಥಿಗೆ ಶಾಮಲಮ್ಮ ಬಂದಾಗ ಶೋಭಾ ಹೊಲಿಗೆ ಕೋಣೆಯ ಚಿಲಕ ಹಾಕಿಕೊಂಡು ಒಳಗೇ ಕೂತಳು. ಅಕ್ಕ ಬಾಗಿಲು ತಟ್ಟಿದಳೋ ಇಲ್ಲವೋ ಅವಳಿಗೆ ಗೊತ್ತಾಗುವಂತಿರಲಿಲ್ಲ. ಸಂಜೆ ಹೊರಗೆ ಬಂದಾಗ ಅಕ್ಕ ಊಟ ಮಾಡಿ ಹೊರಟುಹೋಗಿದ್ದಳು. ಅಲ್ಲಿಂದ ಮುಂದೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಎರಡು ಸಾವಿರದ ಐದರ ಹೊತ್ತಿಗೆ ಮಾಲೂರು ರಸ್ತೆಗೆ ಅಂಟಿಕೊಂಡಿದ್ದ ಅವರ ಎರಡೆಕರೆಯ ಮೇಲೆ ಲೇಔಟಿನವರ ಕಣ್ಣು ಬಿತ್ತು. ಕಾಂತರಾಜ್ ಟೈಪಾದ ಕಾಗದ ತಂದು ಶೋಭಾ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟ.

"ಅಕ್ಕ ಆಗ್ಲೇ ಒಪ್ಪಿದಾಳೆ. ನೀನೂ ಹಕ್ಕು ಬಿಟ್ಟೆ ಅಂತ ಸೈನ್ ಹಾಕ್ಬೇಕು."

ಅವಳು ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಮೇಜಿನ ಮೇಲೆ, "ಯೋಚಿಸುತ್ತೇನೆ" ಎಂದು ಬರೆದಳು. ಅವನು ಅಂಗೈಯಿಂದ ಅದನ್ನು ಒರೆಸಿದ. ಬಾಗಿಲಲ್ಲಿ ನಿಂತಿದ್ದ ಅಮ್ಮ ಅಶ್ವತ್ಥಮ್ಮ, "ಯೋಚ್ನೆ ಏನೇ? ನಿನಗೆ ಅನ್ನ ಹಾಕ್ತಿರೋನು ಅವನೇ ಅಲ್ವಾ" ಎಂದಳು. ಅರ್ಧ ಮಾಸ್ತಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದವಳು ಶೋಭಾ. ಮನೆಯ ಅಕ್ಕಿ ಎಷ್ಟೋ ತಿಂಗಳು ಅವಳ ದುಡ್ಡಿನಲ್ಲೇ ಬರುತ್ತಿತ್ತು. ಅಮ್ಮನಿಗೆ ಅದು ಗೊತ್ತಿತ್ತು.

ಆ ವಾರವೇ ಮುಳಬಾಗಿಲಿನಿಂದ ಮೃದುಲಾಳ ಕಾಗದ ಬಂತು. ಕಿವುಡರ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಮೃದುಲಾ ಈಗ ಒಂದು ಡಿಟಿಪಿ ಸೆಂಟರಿನಲ್ಲಿ ಮದುವೆ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದಳು. "ನಮ್ಮ ಶಾಲೆಯವರೆಲ್ಲ ಮೊಬೈಲು ಕೊಂಡಿದ್ದಾರೆ, ಮಾತನಾಡುವುದಕ್ಕಲ್ಲ, ಬರೆಯುವುದಕ್ಕೆ" ಎಂದು ಬರೆದಿದ್ದಳು. "ನಾನು ದಿನವೆಲ್ಲ ಮುಂದೆ ಕೂರುವ ಕಂಪ್ಯೂಟರಿನ ಮರಿ ಎಂದುಕೋ. ನೀನು ಒತ್ತಿದ ಅಕ್ಷರ ಆ ಕಡೆಯವರ ಕೈಗೆ ಹೋಗುತ್ತದೆ. ಮೆಸೇಜು ಬಂದರೆ ಅದು ನಡುಗುತ್ತದೆ. ನಡುವೆ ಯಾರೂ ಬೇಕಾಗಿಲ್ಲ."

ಕೊನೆಯ ಸಾಲನ್ನು ಶೋಭಾ ಹಲವು ಸಲ ಓದಿದಳು.

ಮಾಲೂರು ಬಸ್ ನಿಲ್ದಾಣದ ಎದುರಿನ ಮೊಬೈಲು ಅಂಗಡಿಯವನು ಅವಳ ಕೈಸನ್ನೆ ನೋಡಿ ಪಕ್ಕದಲ್ಲಿದ್ದವರ ಕಡೆ ಕಣ್ಣು ಹೊಡೆದ. "ಕಿವಿ ಕೇಳ್ದೋರಿಗೆ ಮೊಬೈಲು ಏನಕ್ಕಮ್ಮ? ಹಾವಿನ ಆಟ ಆಡೋಕಾ?" ಅವನ ತುಟಿ ಅವಳಿಗೆ ಸ್ಪಷ್ಟವಾಗಿಯೇ ಕಂಡಿತು. ಅವರ ನಗು ಮುಗಿಯುವವರೆಗೆ ಕಾದು, ಒಂದು ಚೀಟಿ ಮುಂದಿಟ್ಟಳು. "ಮೆಸೇಜಿಗೆ. ನಡುಗುವ ಫೋನು ಕೊಡಿ." ಅವನು ಕೊಟ್ಟದ್ದು ಯಾರೋ ಬಳಸಿ ಬಿಟ್ಟದ್ದು. ಐದನೇ ಅಂಕಿಯ ಗುಂಡಿ ಸವೆದು ಬರಿಯ ಬಿಳಿ ರಬ್ಬರಾಗಿತ್ತು.

ಹೊರಗೆ ಬಂದಾಗ ತರಕಾರಿ ಮಾರುಕಟ್ಟೆಯ ಬದಿಯಲ್ಲಿ ಭಾವನ ಟೆಂಪೊ ನಿಂತಿತ್ತು. ಶಾಮಲಮ್ಮನ ಗಂಡ ಕದಿರೇಶ ರಾಯಲ್ಪಾಡಿನ ಟೊಮೆಟೊ ಇಳಿಸಿ ಖಾಲಿ ಕ್ರೇಟುಗಳನ್ನು ಏರಿಸುತ್ತಿದ್ದ. ಅವನು ತಿರುಗುವಷ್ಟರಲ್ಲಿ ಶೋಭಾ ಬಸ್ಸಿನ ಮರೆಗೆ ಸರಿದಳು. ಮಾತಾಡಿಸುವ ಮನಸ್ಸಿರಲಿಲ್ಲ. ಆದರೆ ಟೆಂಪೊದ ಹಿಂದೆ ಬಾಡಿಗೆಗೆಂದು ಅವನು ತನ್ನ ಮೊಬೈಲು ನಂಬರು ಬರೆಸಿದ್ದ. ಅದನ್ನು ಅಂಗೈ ಮೇಲೆ ಬರೆದುಕೊಂಡಳು.

ಮಾರನೇ ಮಧ್ಯಾಹ್ನ, ಅಮ್ಮ ಮಲಗಿದ್ದಾಗ, ಭಾವನ ನಂಬರಿಗೆ ಅಕ್ಕನಿಗೆಂದು ಇಂಗ್ಲಿಷು ಅಕ್ಷರಗಳಲ್ಲಿ ಕನ್ನಡ ಒತ್ತುತ್ತ ಅರ್ಧ ಗಂಟೆ ಕೂತಳು. "ನನ್ನ ಮುಖವನ್ನು ನೋಡುವುದಿಲ್ಲ ಎಂದವಳು ನೀನು. ಅಪ್ಪನ ಜಮೀನನ್ನು ಅಣ್ಣನಿಗೆ ಬರೆದುಕೊಡಲು ಒಪ್ಪಿದವಳೂ ನೀನು. ನಿನಗೆ ನಾಚಿಕೆಯಾಗುವುದಿಲ್ಲವೆ? ಶೋಭಾರಾಣಿ."

ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಫೋನು ನಡುಗಿ ಗುಂಡುಸೂಜಿಗಳು ಕುಣಿದಾಗ ಸಂಜೆಯಾಗಿತ್ತು. ಕದಿರೇಶ ಮನೆಗೆ ಬಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟಿದ್ದ. ಶಾಮಲಮ್ಮ ಎಂಟನೇ ಕ್ಲಾಸು ಓದಿದ್ದವಳು, ಇಂಗ್ಲಿಷು ಅಕ್ಷರ ಗೊತ್ತಿತ್ತು.

"ಯಾರಿದು? ಶೋಭಾಗೆ ಫೋನ್ ಎಲ್ಲಿಂದ ಬಂತು? ಕಾಂತಾ, ನಿಂದೇನಾ ಈ ಆಟ?"

"ನಾನು ಶೋಭಾರಾಣಿ."

"ಹಂಗಾದ್ರೆ ಹೇಳು. ನನ್ನ ಮೊಣಕಾಲಿಗೆ ಗಾಯ ಹೆಂಗಾಯ್ತು?"

ಶೋಭಾಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ಒತ್ತಿದಳು. "ನಾನು ನಿನ್ನನ್ನು ದೂಡಿದೆನು. ನೀನು ಕಣದಲ್ಲಿ ರೋಣಗಲ್ಲಿನ ಮೇಲೆ ಬಿದ್ದೆ. ಜಾರಿ ಬಿದ್ದೆನೆಂದು ನೀನೇ ಅಪ್ಪನಿಗೆ ಸುಳ್ಳು ಹೇಳಿದೆ. ಹಾಗೆ ಹೇಳೆಂದು ನಾನು ಕೇಳಿಕೊಂಡಿರಲಿಲ್ಲ."

ಆಮೇಲೆ ಬಂದದ್ದು ಇದು: "ಮುಖ ನೋಡಲ್ಲ ಅಂದಿದ್ದು ನೀನು. ಕಾಂತ ಫೋನಲ್ಲಿ ಹೇಳ್ದ. ತಿಥಿಗೆ ಬಂದಾಗ ಬಾಗಿಲು ಹಾಕ್ಕೊಂಡೆ, ನಿಜ ಅನ್ಕೊಂಡೆ. ನೀನು ಸೈನ್ ಹಾಕಾಯ್ತು, ನಂದೊಂದೇ ಬಾಕಿ ಅಂತ್ಲೂ ಅವ್ನೇ ಹೇಳಿದಾನೆ. ನಾನು ಒಪ್ಪಿಲ್ಲ."

ಶೋಭಾ ಅದನ್ನು ಓದಿ ಮುಂದೆ ಇದ್ದ ರವಿಕೆ ಬಟ್ಟೆಗೆ ಕತ್ತರಿ ಹಾಕಿದಳು. ತೋಳಿನ ಅಳತೆ ತಪ್ಪಿತು. ಪಕ್ಕಕ್ಕೆಸೆದು ಇನ್ನೊಂದು ತೆಗೆದಳು, ಅದೂ ತಪ್ಪಿತು. ಹಜಾರದಲ್ಲಿ ಕಾಂತರಾಜ್ ಅಮ್ಮನ ಜೊತೆ ಕಾಫಿ ಕುಡಿಯುತ್ತ ಏನೋ ಹೇಳಿ ನಗುತ್ತಿದ್ದ. ಇಷ್ಟು ವರ್ಷ ಅಕ್ಕನ ಮಾತನ್ನು ತನ್ನ ಬಳಿ ತಂದ ತುಟಿಗಳವು. ಅವುಗಳನ್ನೇ ನೋಡುತ್ತ ಅವಳು ಬಾಗಿಲಲ್ಲಿ ನಿಂತಳು. ಆಮೇಲೆ ಒಳಗೆ ಬಂದು, "ನಾನು ಸಹಿ ಹಾಕಿಲ್ಲ. ಹಾಕುವುದೂ ಇಲ್ಲ" ಎಂದು ಕಳಿಸಿದಳು.

"ನಾನೂ ಹಾಕಲ್ಲ" ಎಂದು ಉತ್ತರ ಬಂತು. ಅದರಲ್ಲಿ ಪ್ರೀತಿಯ ಮಾತೇನೂ ಇರಲಿಲ್ಲ.

ಹತ್ತು ದಿನ ಹೀಗೆ ನಡೆಯಿತು. ಒಂದು ಮಂಗಳವಾರ ಕಾಂತರಾಜ್ ಅಂಗಿಗೆ ಗುಂಡಿ ಹಾಕಿಸಲು ಕೋಣೆಗೆ ಬಂದಾಗ ಬಟ್ಟೆಯ ರಾಶಿ ಗುರ್ರೆಂದಿತು. ಅವಳಿಗೆ ಕೇಳಲಿಲ್ಲ, ಅವನಿಗೆ ಕೇಳಿತು. ಬಟ್ಟೆ ಸರಿಸಿ ಫೋನು ತೆಗೆದ.

"ಯಾವನು ಕೊಡ್ಸಿದ್ದೇ ಇದು?"

ಅವಳು ಕಿತ್ತುಕೊಳ್ಳಲು ಹೋದಳು. ಅವನು ಕೈ ಮೇಲೆತ್ತಿ ಮೆಸೇಜುಗಳನ್ನು ಒಂದೊಂದಾಗಿ ಓದಿದ. ಓದುತ್ತ ಓದುತ್ತ ಅವನ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಅವಳನ್ನು ದೂಡಿದ. ಬೆನ್ನು ಮಿಷನ್ನಿಗೆ ಬಡಿಯಿತು. ಎದ್ದಾಗ ಅವಳ ಕೈಯಲ್ಲಿ ಕತ್ತರಿ ಇತ್ತು. ಎತ್ತಿರಲಿಲ್ಲ, ಇಳಿಸಿಯೂ ಇರಲಿಲ್ಲ. ಕಾಂತರಾಜ್ ಒಂದು ಹೆಜ್ಜೆ ಹಿಂದೆ ಹೋದ. ಅಮ್ಮ ಓಡಿಬಂದು ಇಬ್ಬರ ನಡುವೆ ನಿಂತಳು, ಮಗನನ್ನು ಬೆನ್ನ ಹಿಂದೆ ಹಾಕಿಕೊಂಡು, ಮಗಳ ಕಡೆ ಮುಖ ಮಾಡಿ.

ಫೋನು ಕಾಂತರಾಜ್‌ನ ಜೇಬಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ರಾಯಲ್ಪಾಡಿನಲ್ಲಿ ಶಾಮಲಮ್ಮನಿಗೆ ಮೆಸೇಜು ಬಂತು. "ಅಕ್ಕಾ, ನಾನು ಯೋಚ್ನೆ ಮಾಡ್ದೆ ಕಣೇ. ಅಣ್ಣಂಗೆ ಬಿಟ್ಕೊಡೋಣ. ನಾಳೆ ಮಾಲೂರಲ್ಲಿ ಸೈನ್ ಹಾಕ್ತಿದೀನಿ. ನೀನೂ ಇನ್ನೊಂದಿನ ಬಂದು ಹಾಕ್ಬಿಡು. ಇನ್ನು ಮೆಸೇಜ್ ಮಾಡ್ಬೇಡ."

ಶಾಮಲಮ್ಮ ಮೊದಲು, ಮತ್ತೆ ಕೈಕೊಟ್ಟಳಲ್ಲ ಎಂದು ಫೋನನ್ನು ಮಂಚದ ಮೇಲೆ ಎಸೆದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಅದನ್ನು ಎತ್ತಿಕೊಂಡು ಮತ್ತೆ ಓದಿದಳು. ಹಳೆಯವನ್ನೂ ಓದಿದಳು.

"ಮಳ್ಳೀ ಏಮಾಯ?" ಮತ್ತೇನಾಯಿತು ಎಂದು ಕದಿರೇಶ ತನ್ನ ತೆಲುಗಿನಲ್ಲಿ ಕೇಳಿದ.

"ಇದು ಅವಳು ಬರ್ದಿದ್ದಲ್ಲ."

"ಆ ಫೋನಿಂದ್ಲೇ ಬಂದಿದೆ."

"ಬರ್ಲಿ. ಅವಳು ಪುಸ್ತಕದ ಥರ ಬರೀತಾಳೆ. ದೂಡಿದೆನು, ಹಾಕುವುದಿಲ್ಲ, ಹಂಗೆ. ನಾವು ಆಡೋ ಮಾತು ಅವಳ ಕಿವಿಗೆ ಒಂದಿನಾನೂ ಬಿದ್ದಿಲ್ಲ. 'ಕಣೇ' ಅಂತ ಎಲ್ಲಿಂದ ಬರೀತಾಳೆ? ನಾಳೆ ಲೋಡು ಬೇಡ. ಮಾಲೂರಿಗೆ ಹೋಗೋಣ."

ಶೋಭಾಳಿಗೆ ಇದೊಂದೂ ಗೊತ್ತಿರಲಿಲ್ಲ. "ನಿಮ್ಮಕ್ಕ ಮನಸ್ಸು ಬದ್ಲಾಯಿಸಿದ್ಲು, ನಾಳೆ ಮಾಲೂರಿಗೆ ಸೈನ್ ಹಾಕೋಕೆ ಬರ್ತಾಳೆ" ಎಂದು ಕಾಂತರಾಜ್ ಹೇಳಿದ್ದ. ನಂಬಲಿಲ್ಲ, ನಂಬದಿರಲೂ ಆಗಲಿಲ್ಲ. ಅಕ್ಕನನ್ನು ಕಣ್ಣಾರೆ ನೋಡಿಯೇ ತೀರಬೇಕೆಂದು ಬಸ್ಸು ಹತ್ತಿದಳು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕ ಇರಲಿಲ್ಲ. "ಬೆಳಗ್ಗೇನೇ ಹಾಕಿ ಹೋದ್ಲು" ಎಂದ ಅಣ್ಣ. ಶೋಭಾ ಅವನ ಕೈಯ ಕಾಗದ ಎಳೆದುಕೊಂಡು ಕೊನೆಯ ಹಾಳೆ ತಿರುಗಿಸಿದಳು. ಅಕ್ಕನ ಹೆಸರಿನ ಮುಂದೆ ಜಾಗ ಖಾಲಿ ಇತ್ತು. ಅವಳು ಕಾಗದವನ್ನು ಅವನ ಎದೆಗೆ ಒತ್ತಿದಳು.

ಅಷ್ಟರಲ್ಲಿ ಅವರ ಸರದಿ ಬಂತು. ಮೇಜಿನ ಮೇಲೆ ಕಂಪ್ಯೂಟರು, ಅದರ ತಲೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಕ್ಯಾಮೆರಾ, ಪಕ್ಕದಲ್ಲಿ ಹೆಬ್ಬೆಟ್ಟು ಇಡುವ ಗಾಜಿನ ಪೆಟ್ಟಿಗೆ. ಕಾಂತರಾಜ್ ಅವಳ ಭುಜ ಒತ್ತಿ ಕುರ್ಚಿಯಲ್ಲಿ ಕೂರಿಸಿದ. ಪರದೆಯ ಮೇಲೆ ಅವಳ ಮುಖ ಮೂಡಿತು. "ಕ್ಯಾಮೆರಾ ನೋಡಮ್ಮ" ಎಂದು ಆಪರೇಟರ್ ಬೆರಳು ತೋರಿಸಿದ.

ಶೋಭಾ ಕೈ ಚಾಚಿ ಕ್ಯಾಮೆರಾದ ಕಣ್ಣಿಗೆ ಅಂಗೈ ಒತ್ತಿದಳು. ಪರದೆ ಕಪ್ಪಾಯಿತು.

"ಕೈ ತೆಗೀರಿ."

ತೆಗೆಯಲಿಲ್ಲ. ಕಾಂತರಾಜ್ ಅವಳ ಮಣಿಕಟ್ಟು ಹಿಡಿದು ಎಳೆದ. "ಅವಳಿಗೆ ತಿಳಿಯೋದಿಲ್ಲ ಸಾರ್, ಮೂಗಿ. ನಾನು ಹೇಳ್ತೀನಲ್ಲ, ಒಪ್ಪಿದಾಳೆ."

"ಒಪ್ಪಿದೋರು ಹಿಂಗ್ ಮಾಡ್ತಾರೇನ್ರೀ?" ಎಂದ ಆಪರೇಟರ್. ಒಂದು ಬಿಳಿ ಹಾಳೆ, ಪೆನ್ನು ಅವಳ ಕಡೆ ತಳ್ಳಿದ. ಅವಳು ಒಂದು ಕೈ ಕ್ಯಾಮೆರಾ ಮೇಲೆ ಹಾಗೆಯೇ ಇಟ್ಟುಕೊಂಡು ಇನ್ನೊಂದರಲ್ಲಿ ಬರೆದಳು. "ನನ್ನ ಒಪ್ಪಿಗೆ ಇಲ್ಲ. ಇವನು ನನ್ನ ಮಾತನ್ನು ಹೇಳಬಾರದು." ಆಪರೇಟರ್ ಅದನ್ನು ಒಳಗೆ ಅಧಿಕಾರಿಗೆ ತೋರಿಸಿ ಬಂದು, ಕಾಗದವನ್ನು ಕಾಂತರಾಜ್‌ಗೆ ವಾಪಸು ಕೊಟ್ಟು, ಮುಂದಿನವರನ್ನು ಕರೆದ.

ಅವರು ಹೊರಗೆ ಬಂದಾಗ ಟೆಂಪೊ ಗೇಟಿನಲ್ಲಿ ನಿಂತಿತ್ತು. "ಏಂ ಕಾಂತರಾಜೂ, ಬಾಗುಂಡಾವಾ?" ಎಂದು ಕದಿರೇಶ ಕ್ಷೇಮ ಕೇಳಿದ, ನಗದೆ. ಶಾಮಲಮ್ಮ ಇಳಿದು ತಮ್ಮನ ಮುಂದೆ ಅಂಗೈ ಚಾಚಿದಳು.

"ಅವಳ ಫೋನು ಕೊಡು."

"ಅಕ್ಕಾ, ಬೀದೀಲಿ ಬೇಡ."

"ಬೀದೀಲೇ ಕೊಡು. ಇಷ್ಟು ವರ್ಷ ಮನೇಲಿ ಕೂತು ಏನ್ ಮಾಡಿದೀಯ ಅಂತ ಗೊತ್ತಾಗಿದೆ."

ಅವನು ಕೊಟ್ಟ. ಕೊಡುತ್ತ, "ನಿಮ್ಮಿಬ್ರಿಗೂ ತವರು ಮನೆ ಇನ್ನಿಲ್ಲ" ಎಂದ.

ಎರಡೆಕರೆ ಮೂರು ಪಾಲಾಗಲು ಎರಡು ವರ್ಷ ಹಿಡಿಯಿತು. ಅಮ್ಮ ಕೊನೆಯವರೆಗೂ ಮಗನ ಕಡೆಗೇ ಇದ್ದಳು. ಶೋಭಾ ಮಿಷನ್ನು ಸಾಗಿಸಿಕೊಂಡು ಮಾಲೂರಿನಲ್ಲಿ ಕೋಣೆ ಮಾಡಿಕೊಂಡಳು. ಮೃದುಲಾ ಕಂಪ್ಯೂಟರಿನಲ್ಲಿ ಒಂದು ಬೋರ್ಡು ಮಾಡಿಸಿ ಕಳಿಸಿದಳು, 'ಇಲ್ಲಿ ಕೂಗಬೇಡಿ, ಬರೆದು ಕೊಡಿ' ಎಂದು. ಕಾಂತರಾಜ್ ಬಸ್ ನಿಲ್ದಾಣದಲ್ಲಿ ಎದುರಾದರೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದ.

ಶಾಮಲಮ್ಮ ಟೆಂಪೊದಲ್ಲಿ ಮಾವಿನಹಣ್ಣು ಕಳಿಸುತ್ತಿದ್ದಳು, ಸಿಕ್ಕಿತಾ ಎಂದು ಮೆಸೇಜು ಮಾಡುತ್ತಿದ್ದಳು. ಶೋಭಾ ಸಿಕ್ಕಿತು ಎಂದಷ್ಟೇ ಒತ್ತುತ್ತಿದ್ದಳು. ಒಂದು ಮಧ್ಯಾಹ್ನ, ಹೊಲಿಗೆ ನಿಲ್ಲಿಸಿ, ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದನ್ನು ಕಳಿಸಿದಳು.

"ಅವನು ಹೇಳಿದ ಕೂಡಲೇ ನೀನು ಏಕೆ ನಂಬಿದೆ?"

ಮೂರನೇ ದಿನ ಉತ್ತರ ಬಂತು.

"ನೀನೂ ನಂಬಿದೆಯಲ್ಲ."

ಶೋಭಾ ಅದನ್ನು ಓದಿದಳು. ಎರಡು ಸಲ ಉತ್ತರ ಬರೆದು ಎರಡು ಸಲವೂ ಅಳಿಸಿದಳು. ಆಮೇಲೆ, ಮುಂದಿನ ಭಾನುವಾರ ತಾನೇ ರಾಯಲ್ಪಾಡಿಗೆ ಬರುವುದಾಗಿಯೂ, ಈ ವಿಷಯದ ಬಗ್ಗೆ ಎದುರಿಗೆ ಕೂತು ಜಗಳವಾಡಬೇಕೆಂದೂ ಬರೆದು ಕಳಿಸಿದಳು.